ಮೈಸೂರು ಹುಡುಗಿಯ ಪ್ಲೇಟು

ಪರವೂರಿಗೆ ಹೋದವರು ಅಲ್ಲಿನ ದೇವಸ್ಥಾನ ನೋಡುತ್ತಾರೆ, ಹೊಳೆ ನೋಡುತ್ತಾರೆ, ಪರಿಚಯದವರ ಮನೆ ಹುಡುಕಿಕೊಂಡು ಹೋಗಿ ಕಾಫಿ ಕುಡಿದು ಬರುತ್ತಾರೆ. ನಾನು ಮಾತ್ರ ಬಸ್ಸಿಳಿದ ಕೂಡಲೇ ಕೇಳುತ್ತಿದ್ದದ್ದು ಒಂದೇ, ಇಲ್ಲಿ ಗ್ರಾಮಫೋನ್ ಪ್ಲೇಟಿನ ಅಂಗಡಿ ಎಲ್ಲಿದೆ ಎಂದು. ಒಂಟಿ ಹೆಂಗಸು, ಕೈಯಲ್ಲೊಂದು ಟ್ರಂಕು, ಕೇಳುತ್ತಿರುವುದು ಇದು. ಜನ ಒಂದು ಸಲ ಮೇಲಿಂದ ಕೆಳಗೆ ನೋಡಿ ಆಮೇಲೆ ದಾರಿ ತೋರಿಸುತ್ತಿದ್ದರು.

ಅರವತ್ತರ ದಶಕದ ನಡುವಿನ ಮಾತು. ಮಹಿಳಾ ಸಮಾಜಗಳಲ್ಲಿ ನಡೆಯುತ್ತಿದ್ದ ಹೊಲಿಗೆ ತರಗತಿಗಳನ್ನು ನೋಡಿ ವರದಿ ಬರೆಯುವ ಸರ್ಕಾರಿ ಕೆಲಸ ನನ್ನದು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳನ್ನು ಎತ್ತಿ ಸಾಗರಕ್ಕೆ ಹಾಕಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕು ನನ್ನ ಪಾಲಿಗೆ. ವರ್ಗದ ಆದೇಶ ಓದಿ ಹೇಳಿದಾಗ ಅಮ್ಮ, “ಶಿವಮೊಗ್ಗ ದಾಟಿದ ಮೇಲೆ ಪರದೇಶವೇ ಕಣೇ” ಅಂದಿದ್ದಳು. ಮೊದಮೊದಲು ನನಗೂ ಹಾಗೇ ಅನ್ನಿಸಿತು. ಯಾರಾದರೂ “ಎಂತ ಮಾರಾಯ್ರೆ” ಎಂದು ಮಾತು ಶುರು ಮಾಡಿದರೆ, ಬೈಯುತ್ತಿದ್ದಾರೋ ಉಪಚಾರ ಮಾಡುತ್ತಿದ್ದಾರೋ ತಿಳಿಯದೆ ಮುಖ ಗಂಟು ಹಾಕಿಕೊಂಡು ನಿಲ್ಲುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ.

ಪ್ಲೇಟು ಹುಡುಕಲು ಕಾರಣ ಅಮ್ಮನೇ. ಅವಳಿಗೆ ಹದಿನಾರು ವರ್ಷವಿದ್ದಾಗ, ಇನ್ನೂ ಮದುವೆಯಾಗುವ ಮೊದಲು, ಗ್ರಾಮಫೋನ್ ಕಂಪನಿಯವರೊಬ್ಬರು ಬೆಂಗಳೂರಿಗೆ ಬಂದು ಬಿಡಾರ ಹೂಡಿ ಹಾಡುವವರನ್ನು ಕರೆಸಿ ಮುದ್ರಿಸಿಕೊಳ್ಳುತ್ತಿದ್ದರಂತೆ. ಅಮ್ಮನ ಅಪ್ಪ ಧೈರ್ಯ ಮಾಡಿ ಮಗಳನ್ನು ಕರೆದುಕೊಂಡು ಹೋದರು. ಧೈರ್ಯ ಅರ್ಧದಷ್ಟೇ. ಹಾಡಬಹುದು, ಆದರೆ ಹೆಸರು ಹಾಕಬಾರದು ಎಂದು ಷರತ್ತು ಹಾಕಿದರು. ಮರ್ಯಾದಸ್ಥರ ಮನೆಯ ಹುಡುಗಿಯ ಹೆಸರು ಅಂಗಡಿಯಲ್ಲಿ ತಿರುಗಬಾರದಲ್ಲ. ಹಾಗಾಗಿ ಪ್ಲೇಟಿನ ಮೇಲೆ ಅಚ್ಚಾದದ್ದು “ಮೈಸೂರಿನ ಒಬ್ಬ ಬಾಲಿಕೆ” ಎಂದು ಮಾತ್ರ. ಹಾಡಿದ್ದು ಮದುಮಗಳನ್ನು ಹಸೆಗೆ ಕರೆಯುವ ಹಾಡು, ಅವಳ ಅಜ್ಜಿ ಕಲಿಸಿದ್ದು, ಯಾವ ಪುಸ್ತಕದಲ್ಲೂ ಇಲ್ಲದ್ದು. ಕಂಪನಿಯವರು ಮನೆಗೆ ಒಂದು ಪ್ರತಿ ಕಳಿಸಿಕೊಟ್ಟರು. ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಯಾರ ಮನೆಗಾದರೂ ಒಯ್ದು ಕೇಳೋಣ ಎನ್ನುವಷ್ಟರಲ್ಲಿ ಅವಳ ಮದುವೆ ಗೊತ್ತಾಯಿತು. ಗಂಡನ ಮನೆಗೆ ಬಂದ ಪೆಟ್ಟಿಗೆಯಲ್ಲಿ ಆ ಪ್ಲೇಟನ್ನು ಕಂಡ ನನ್ನ ಅಜ್ಜಿ, ಅಂದರೆ ಅಮ್ಮನ ಅತ್ತೆ, ಒಂದು ಮಾತೂ ಆಡದೆ ಅದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಿದರಂತೆ. ಅಳತೆ ಸರಿಯಾಗಿತ್ತು. ಎರಡು ವರ್ಷ ಅದು ಅಲ್ಲೇ ಇದ್ದು, ಒಂದು ದಿನ ಯಾರದೋ ಕೈತಪ್ಪಿ ಬಿದ್ದು ಹೋಳಾಯಿತು. ಅಮ್ಮ ತನ್ನ ದನಿಯನ್ನು ಒಂದು ಸಲವೂ ಕೇಳಲಿಲ್ಲ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ನಾನು ಸಾಗರಕ್ಕೆ ಹೊರಡುವ ಹಿಂದಿನ ದಿನ. ಹಿಂದಿನ ವರ್ಷ ಬಂದ ವಿಷಮಶೀತ ಜ್ವರ ಅವಳ ಕಿವಿಯನ್ನು ಹಿಡಿದುಬಿಟ್ಟಿತ್ತು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯಲ್ಲಿ ಗಟ್ಟಿಯಾಗಿ ಹೇಳಿದ್ದು ಅಷ್ಟಿಷ್ಟು. ಉಳಿದಿರುವುದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಮ್ಮ ನನ್ನ ಬಟ್ಟೆ ಮಡಿಸಿಡುತ್ತಾ, “ನೀನು ಊರೂರು ತಿರುಗೋಳು. ಎಲ್ಲಾದರೂ ಆ ಪ್ಲೇಟು ಸಿಕ್ಕಿದರೆ ನೋಡು. ಕಿವಿ ಹೋಗೋದರೊಳಗೆ ಒಂದೇ ಒಂದು ಸಲ ಕೇಳಬೇಕು. ಯಾರು ಹಾಡಿದ್ದು ಅಂತ ಮಾತ್ರ ಎಲ್ಲೂ ಬಾಯಿ ಬಿಡಬೇಡ” ಅಂದಳು. ಇಪ್ಪತ್ತೈದು ವರ್ಷ ಸಾಕಿದವಳು ನನ್ನ ಹತ್ತಿರ ಕೇಳಿದ ಮೊದಲ ವಸ್ತು ಅದು. ನನಗೆ ಅಳುವೂ ಬಂತು, ಸತ್ತುಹೋದ ಅಜ್ಜಿಯ ಮೇಲೆ ಸಿಟ್ಟೂ ಬಂತು.

ಸಾಗರದ ಅಂಗಡಿಯಲ್ಲಿ ಅರ್ಧ ಗಡಿಯಾರ, ಅರ್ಧ ಪ್ಲೇಟು. ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದರು. ಒಳಗೆ ಕಾಲಿಟ್ಟವರು ಮೊದಲು ತಂಬಿಗೆಯ ನೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳಬೇಕು, ಆಮೇಲೆ ಪ್ಲೇಟು ಮುಟ್ಟಬೇಕು. ಆ ಸೀಮೆಯ ತಂಡಿಗೆ ಪ್ಲೇಟಿನ ಮೇಲೆ ಬೂಷ್ಟು ಹಿಡಿಯುತ್ತಿತ್ತು. ಅವರು ಒಂದೊಂದನ್ನೂ ಮಗುವಿನ ಬೆನ್ನು ಒರೆಸುವ ಹಾಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದರು. ನಾನು ಏನನ್ನೂ ಕೊಳ್ಳುವವಳಲ್ಲ ಎಂದು ಮೊದಲ ದಿನವೇ ಅವರಿಗೆ ಗೊತ್ತಾಗಿತ್ತು. ಆದರೂ ಶನಿವಾರ ಶನಿವಾರ ಹೋದಾಗ “ಕೂತ್ಕಳಿ ಅಮ್ಮ, ಈ ರಾಶಿ ಇನ್ನೂ ನೋಡ್ಲಿಲ್ಲ ನೀವು” ಎಂದು ಹಳೆಯ ಪೆಟ್ಟಿಗೆಯೊಂದನ್ನು ಮುಂದಿಡುತ್ತಿದ್ದರು. ಹಳೆ ಮುಳ್ಳು ಪ್ಲೇಟನ್ನು ಗೀರುತ್ತದೆಂದು ನನಗಾಗಿ ಹೊಸ ಮುಳ್ಳು ಹಾಕಿ ಒಂದೊಂದಾಗಿ ಕೇಳಿಸಿದರು. ಎರಡು ತಿಂಗಳಲ್ಲಿ ಅವರ ಅಂಗಡಿಯಲ್ಲಿದ್ದ ಹೆಸರಿಲ್ಲದ ಹೆಣ್ಣುದನಿಗಳನ್ನೆಲ್ಲ ಕೇಳಿ ಮುಗಿಸಿದೆ. ನಮ್ಮದು ಇರಲಿಲ್ಲ. “ತೀರ್ಥಳ್ಳೀಲಿ ನಮ್ಮೋರೊಬ್ರು ಇದಾರೆ, ಚೀಟಿ ಕೊಡ್ತೀನಿ” ಎಂದು ಅವರೇ ಹೇಳಿದರು.

ತೀರ್ಥಹಳ್ಳಿಯ ಅಂಗಡಿ ಮಳೆಗಾಲದಲ್ಲಿ ಕೊಡೆ ರಿಪೇರಿಯದು, ಬೇಸಿಗೆಯಲ್ಲಿ ಪ್ಲೇಟಿನದು. ನಾನು ಹೋದದ್ದು ಆಷಾಢದಲ್ಲಿ. ಕೊಡೆಯ ಕಡ್ಡಿಗಳ ರಾಶಿಯ ನಡುವೆ ಕೂತಿದ್ದ ಯಜಮಾನರು ಚೀಟಿ ಓದಿ, “ಪ್ಲೇಟು ಈಗಿಲ್ಲ, ಕೊಡೆ ಬೇಕಾರೆ ಕೊಡ್ತೀನಿ” ಅಂದರು. ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದವಳಿಗೆ ರೇಗಿಹೋಯಿತು. “ಅಂಗಡಿ ಅಂದಮೇಲೆ ವರ್ಷವಿಡೀ ಒಂದೇ ಸಾಮಾನು ಇಡಬೇಕು. ಋತುವಿಗೊಂದು ವ್ಯಾಪಾರ ಮಾಡಿದರೆ ಬಂದವರು ಏನು ಮಾಡಬೇಕು” ಎಂದು ಕೇಳಿಯೇಬಿಟ್ಟೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಒಳಗೆ ಹೋಗಿ ಬಿಸಿ ಕಾಫಿ ತಂದು ಮುಂದಿಟ್ಟರು. “ಎಂತ ಹಾಡು ಅಂತ ಹೇಳಿ ಮೊದ್ಲು” ಅಂದರು.

ಹೊರಡುವ ಮೊದಲು ಅಮ್ಮ ಹೇಳಿಕೊಟ್ಟಿದ್ದ ಮೊದಲ ನುಡಿಯನ್ನು ನಾನು ಮೆಲ್ಲಗೆ ಹಾಡಿ ತೋರಿಸಿದೆ. ಅವರ ಕೈ ಕೊಡೆಯ ಮೇಲೆ ಹಾಗೇ ನಿಂತಿತು. “ಇದಾ? ಇದು ಹೊಸನಗರದ ದರ್ಜಿ ಹತ್ರ ಉಂಟು. ಅವ್ರ ಹತ್ರ ಬಿಟ್ರೆ ಈ ಸೀಮೇಲಿ ಎಲ್ಲೂ ಇಲ್ಲ” ಅಂದರು. ಎಷ್ಟು ಸಂತೋಷವಾಯಿತೆಂದರೆ, ಬೈದದ್ದಕ್ಕೆ ಕ್ಷಮೆ ಕೇಳುವುದನ್ನೂ ಮರೆತು ಎದ್ದು ಹೊರಟುಬಿಟ್ಟೆ. ಅವರೇ ಹಿಂದೆ ಓಡಿಬಂದು ನನ್ನ ಕೊಡೆಯನ್ನು ಕೈಗಿತ್ತರು. ಮಾತಾಡುತ್ತಾ ಆಡುತ್ತಾ ಅದರ ಮುರಿದ ಕಡ್ಡಿಯನ್ನೂ ಸರಿಮಾಡಿದ್ದರು.

ಹೊಸನಗರದ ದರ್ಜಿಯನ್ನು ನಾನು ಬಲ್ಲೆ. ಅಲ್ಲಿನ ಹೊಲಿಗೆ ತರಗತಿಯ ಯಂತ್ರ ಕೆಟ್ಟರೆ ಅವರೇ ಬಂದು ಸರಿಮಾಡುತ್ತಿದ್ದರು. ಅವರ ಅಂಗಡಿಗೆ ನಾಲ್ಕಾರು ಸಲ ಹೋಗಿದ್ದೆ. ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತಿದ್ದ ಬಟ್ಟೆಯ ಚೀಲಗಳನ್ನು ನೋಡಿದ್ದೆ, ರವಿಕೆಯ ತುಂಡುಗಳಿರಬೇಕು ಅಂದುಕೊಂಡಿದ್ದೆ. ಅದರೊಳಗೆ ಇದ್ದದ್ದು ಪ್ಲೇಟುಗಳು. ಗ್ರಾಮಫೋನ್ ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ಹೊತ್ತುಕೊಂಡು ಸುತ್ತಲಿನ ಹಳ್ಳಿಗಳ ಮದುವೆ ಮನೆಗಳಿಗೆ ಹೋಗುವುದು ಅವರ ತಂದೆಯ ಕಾಲದಿಂದ ಬಂದ ಎರಡನೆಯ ಕಸುಬು. ಪ್ಲೇಟಿನ ಮೇಲಿನ ಕಾಗದವನ್ನು ಬೂಷ್ಟು ತಿಂದುಹಾಕುತ್ತಿದ್ದುದರಿಂದ, ಒಂದೊಂದಕ್ಕೂ ಒಂದೊಂದು ಬಣ್ಣದ ತುಂಡಿನಲ್ಲಿ ಚೀಲ ಹೊಲಿದು, ಬಟ್ಟೆ ನೋಡಿಯೇ ಹಾಡು ಹೇಳುತ್ತಿದ್ದರು. ಚೌಕಳಿಯದು ನಾಟಕದ ಹಾಡು, ನೀಲಿ ಚುಕ್ಕೆಯದು ವಾಲಗ. ನಾನು ಹಾಡಿ ತೋರಿಸಿದ ಕೂಡಲೇ ಅವರು ಕೆಂಪು ರೇಷ್ಮೆಯ ಚೀಲಕ್ಕೆ ಕೈಹಾಕಿದರು. ಎಲ್ಲಕ್ಕಿಂತ ಚೆಂದದ ತುಂಡನ್ನು ಅದಕ್ಕೆ ಕೊಟ್ಟಿದ್ದರು.

ಮುಳ್ಳು ಇಟ್ಟಾಗ ಮೊದಲು ಬರೀ ಸರಸರ ಸದ್ದು. ಕಿವಿಗೊಟ್ಟು ಕೂತೆ. ಆ ಸದ್ದಿನ ಅಡಿಯಿಂದ, ತುಂಬಾ ದೂರದಿಂದ, ಒಂದು ಸಣ್ಣ ಹುಡುಗಿಯ ದನಿ ಎದ್ದು ಬಂತು. ನನಗಿಂತ ಚಿಕ್ಕವಳಾದ ನನ್ನ ಅಮ್ಮ. ದರ್ಜಿಯ ಎದುರು ಅಳಬಾರದೆಂದು ಹಲ್ಲು ಕಚ್ಚಿ ಕೂತು, ಮುಗಿದ ಮೇಲೆ, ಇದನ್ನು ನನಗೆ ಕೊಡಿ ಅಂದೆ. “ಇದು ಕೊಡೂದಲ್ಲ ಟೀಚರಮ್ಮ” ಅಂದರು. “ಇದಿಲ್ದೆ ಇಲ್ಲಿ ಹಸೆಗೆ ಕರೆಯೂದಿಲ್ಲ. ಬರೂ ಮದ್ವೆಗಳಿಗೆಲ್ಲ ಹೇಳಿಟ್ಟಿದಾರೆ.” ನಾನು ಕಾಡಿದೆ, ಬೇಡಿದೆ, ಕೊನೆಗೆ ನಿಮ್ಮ ಯಂತ್ರದ ಬಗ್ಗೆ ವರದಿ ಬರೆಯುತ್ತೇನೆ ಎಂದು ಅರ್ಥವಿಲ್ಲದ ಬೆದರಿಕೆಯನ್ನೂ ಹಾಕಿದೆ. ಅವರು ಜಗ್ಗಲಿಲ್ಲ. “ಯಾರಿಗೆ ಕೇಳ್ಬೇಕೋ ಅವ್ರನ್ನ ಕರ್ಕಂಡು ಬನ್ನಿ. ಎಷ್ಟ್ ಸಲ ಬೇಕಾರೂ ಹಾಕ್ತೀನಿ” ಅಂದರು.

ಅಮ್ಮನಿಗೆ ಕಾಗದ ಬರೆದೆ. ಅವಳು ತಕ್ಷಣ ಹೊರಡಲು ಸಿದ್ಧ. ಮಳೆ ಬಿಡಲಿ ಎಂದರು ಅಪ್ಪ, ಆಮೇಲೆ ಚಳಿ ಎಂದರು, ಆಮೇಲೆ ಅವರಿಗೇ ಮೈ ಸರಿಯಿರಲಿಲ್ಲ. ಅವಳು ರೈಲು, ಬಸ್ಸು ಹತ್ತಿ ಬರುವ ಹೊತ್ತಿಗೆ ವೈಶಾಖ. ಆ ಹತ್ತು ತಿಂಗಳಲ್ಲಿ ಅವಳ ಎಡಗಿವಿಯೂ ಎಷ್ಟು ಮಂದವಾಗಿತ್ತೆಂದರೆ, ಬಸ್ಟ್ಯಾಂಡಿನಲ್ಲಿ ಹಿಂದಿನಿಂದ ಅಮ್ಮಾ ಎಂದು ಮೂರು ಸಲ ಕೂಗಿದರೂ ಅವಳು ತಿರುಗಲಿಲ್ಲ.

ಮಾರನೆಯ ಬೆಳಿಗ್ಗೆ ದರ್ಜಿಯ ಅಂಗಡಿ. ಅವರು ಹೊಲಿಗೆ ಯಂತ್ರ ನಿಲ್ಲಿಸಿ, ಬಾಗಿಲು ಅರ್ಧ ಮುಚ್ಚಿ, ಅಮ್ಮನಿಗೆ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟರು. ಅವಳು ಎಡಗಿವಿಯನ್ನು ಗ್ರಾಮಫೋನಿನ ಕಹಳೆಯ ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಳು. ಪ್ಲೇಟು ತಿರುಗಿತು. ಹಾಡು ನನಗೆ ಕೇಳುತ್ತಿತ್ತು, ಅವಳ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, “ಮಳೆ ಬರ್ತಿದ್ಯೇನೇ?” ಅಂದಳು. ಹೊರಗೆ ಸುಡುಬಿಸಿಲು.

ಇನ್ನೊಂದು ಸಲ ಹಾಕಿದರು, ಮತ್ತೊಂದು ಸಲ. ಅವಳಿಗೆ ಕೇಳಿದ್ದು ಸವೆದ ಪ್ಲೇಟಿನ ಸರಸರ ಮಾತ್ರ. “ಇರಲಿ ಬಿಡಮ್ಮ, ನನ್ನ ಕಿವಿಯದೇ ತಪ್ಪು” ಎಂದು ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಾಗ ನನಗೆ ತಡೆಯಲಾಗಲಿಲ್ಲ. ದರ್ಜಿಯ ಮೇಲೆ ಹರಿಹಾಯ್ದೆ. ಕಂಡಕಂಡವರ ಮದುವೆಗೆಲ್ಲ ಹಾಕಿ ಹಾಕಿ ಸವೆಸಿಬಿಟ್ಟಿರಿ, ಒಂದು ವರ್ಷ ಎತ್ತಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಹಾಗೆ ಎತ್ತಿಡಿ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅವರು ತಲೆ ತಗ್ಗಿಸಿ ಪ್ಲೇಟನ್ನು ಕೆಂಪು ಚೀಲಕ್ಕೆ ಹಾಕುತ್ತಾ, “ಸವೆಸಿದ್ದು ಹೌದು. ನನ್ನ ಮದ್ವೇಲೂ ಇದೇ ಹಾಕಿದ್ದು, ನನ್ನ ತಂಗೀರ ಮದ್ವೇಲೂ ಇದೇ” ಅಂದರು. ಆಮೇಲೆ ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಗೊತ್ತಾಯಿತು. ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಆದರೆ ಅವರು ಕೇಳಲಿಲ್ಲ. “ನಾಳೆ ನಮ್ಮ ನೆಂಟ್ರ ಮನೇಲಿ ಮದ್ವೆ, ಎರಡು ಮೈಲಿ ಅಷ್ಟೆ. ಹೆಂಗಸ್ರು ಈ ಹಾಡು ಬಾಯಲ್ಲೇ ಹೇಳ್ತಾರೆ, ಇದರಿಂದ ಕಲ್ತದ್ದು. ಗಟ್ಟಿ ಹೇಳ್ತಾರೆ. ಅಮ್ಮಾರನ್ನ ಕರ್ಕಂಡು ಬನ್ನಿ” ಎಂದಷ್ಟೇ ಹೇಳಿದರು. ಕೇಳದೆ ಬಿಟ್ಟದ್ದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಮದುವೆ ಮನೆಯ ಚಪ್ಪರದಲ್ಲಿ ಅಮ್ಮನನ್ನು ಹಾಡುವವರ ಮಧ್ಯೆಯೇ ಕೂರಿಸಿದರು. ಹತ್ತು ಹನ್ನೆರಡು ಹೆಂಗಸರು, ಅವರಿಗೆಲ್ಲ ಮುಂದಾಳು ಎಪ್ಪತ್ತು ದಾಟಿದ ಒಬ್ಬ ಅಜ್ಜಮ್ಮ. ಮದುಮಗಳು ಹೊರಬಂದ ಕೂಡಲೇ ಅಜ್ಜಮ್ಮ ಎತ್ತಿಕೊಂಡರು, ಉಳಿದವರು ಸೇರಿಕೊಂಡರು. ಗದ್ದೆಯ ಆ ಬದಿಗೂ ಕೇಳುವಂಥ ಗಂಟಲುಗಳು. ಅಮ್ಮನ ಎಡಗಿವಿಯ ಪಕ್ಕದಲ್ಲೇ ಅಜ್ಜಮ್ಮನ ಬಾಯಿ. ಅಮ್ಮ ಬೆಚ್ಚಿ ನನ್ನ ಕೈ ಹಿಡಿದುಕೊಂಡಳು. ಅವಳ ಅಜ್ಜಿಯ ಹಾಡು, ಅವಳೇ ಹಾಕಿದ್ದ ಎಳೆತ, ಅವಳೇ ಉಸಿರು ತೆಗೆದುಕೊಂಡ ಜಾಗದಲ್ಲಿ ಎಲ್ಲರ ಉಸಿರು. ನಾಲ್ಕು ನುಡಿ ನಿಧಾನವಾಗಿ ಹೋಯಿತು. ಐದನೆಯದಕ್ಕೆ ಬಂದವರೇ ಎಲ್ಲರೂ ಒಮ್ಮೆಗೇ ಹಿಂದೆ ಹುಲಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಮುಗಿಸಿಬಿಟ್ಟರು.

ಅಮ್ಮ ನನ್ನ ಕಡೆ ತಿರುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಕಿವಿಯಲ್ಲಿ, “ಕೊನೇ ನುಡಿ ಬರೋ ಹೊತ್ತಿಗೆ ಪ್ಲೇಟು ಮುಗೀತು ಮುಗೀತು ಅಂತ ಆ ಕಂಪನಿಯವನು ಕೈ ಬೀಸಿದ ಕಣೇ. ನಾನು ಹೆದರಿ ಓಡಿಸಿಬಿಟ್ಟೆ. ಇವರೂ ಓಡಿಸ್ತಾರಲ್ಲೇ” ಅಂದಳು. ಅಷ್ಟಕ್ಕೇ ಸುಮ್ಮನಿರಲಿಲ್ಲ. ಅಜ್ಜಮ್ಮನಿಗೆ ವಿನಯದಿಂದ, “ಕೊನೇದೂ ನಿಧಾನವಾಗಿ ಹೇಳಿದರೆ ಚೆನ್ನಾಗಿರುತ್ತೆ ಅಲ್ವೇ ಅಮ್ಮ” ಎಂದು, ಎರಡು ಸಾಲು ಹಾಡಿಯೂ ತೋರಿಸಿದಳು.

ಅಜ್ಜಮ್ಮ ಅವಳ ಎಡಗಿವಿಗೆ ಬಾಯಿ ಹಚ್ಚಿ, “ಹಂಗಲ್ಲ ಮಾರಾಯ್ತಿ” ಅಂದರು. “ಕೊನೇದು ಬೇಗ ಹೇಳೂದೇ. ಮೈಸೂರು ಹುಡುಗಿ ಹಂಗೇ ಹೇಳಿದ್ದು. ನಮ್ಮ ಮನಸ್ಸಿಗೆ ಬಂದಂಗೆ ಹೇಳುಕ್ಕಾಗ್ತದಾ?”

ನನಗೆ ಕೆಂಡದಂಥ ಕೋಪ ಬಂತು. ಇವಳಿಗೇ ಪಾಠವೇ ಎಂದು ಬಾಯಿ ತೆರೆದೆ. ಅಮ್ಮ ನನ್ನ ತೊಡೆಯನ್ನು ಚರ್ಮ ಕಿತ್ತು ಬರುವ ಹಾಗೆ ಚಿವುಟಿದಳು. “ಹೌದೇನಮ್ಮ, ತಿಳೀಲಿಲ್ಲ. ಹೇಳಿಕೊಡಿ” ಅಂದಳು. ಅಜ್ಜಮ್ಮ ಹೇಳಿಕೊಟ್ಟರು, ಅಮ್ಮ ಅವರ ಹಿಂದೆ ಓಡಿಸಿ ಓಡಿಸಿ ಹಾಡಿದಳು. “ಈಗ ಸರಿ ಆತು” ಎಂದು ಅವರಿಂದ ಹೇಳಿಸಿಕೊಂಡಳು.

ಆಮೇಲೆ ಹಾಡಿದವರಿಗೆಲ್ಲ ಎಲೆ ಅಡಿಕೆ ಅರಿಸಿನ ಕುಂಕುಮ ಕೊಡುತ್ತಾ ಬಂದರು. ಎಲ್ಲರಿಗಿಂತ ಮೊದಲು ಒಂದು ಜೊತೆ ವೀಳ್ಯವನ್ನು ಹರಿವಾಣದಲ್ಲಿಟ್ಟು, ಮೇಲೊಂದು ಹೂವಿಟ್ಟು, ಯಾರಿಗೂ ಕೊಡದೆ ಅಜ್ಜಮ್ಮನ ಮುಂದೆ ಬೇರೆಯಾಗಿ ಇಟ್ಟಿದ್ದರು. ಅದು ಯಾರಿಗೆ ಎಂದು ಅಮ್ಮ ಕೇಳಿದಳು.

“ಆ ಹುಡುಗಿಗೆ” ಅಂದರು ಅಜ್ಜಮ್ಮ. “ಹಾಡು ಹೇಳಿದವ್ರಿಗೆ ವೀಳ್ಯ ಕೊಡದೆ ಇದ್ರೆ ಆಗ್ತದಾ? ಮೊದ್ಲೆಲ್ಲ ಪೆಟ್ಟಿಗೆ ಮುಂದೆ ಇಡ್ತಿದ್ವಿ. ಈಗ ನಾವೇ ಹೇಳ್ತೀವಿ, ಆದ್ರೂ ಇಡೂದು ಬಿಟ್ಟಿಲ್ಲ. ಎಲ್ಲಿದಾಳೋ, ಯಾರ ಮನೆ ಸೇರಿದಾಳೋ. ಸಂಜೆ ತುಳಸಿ ಬುಡಕ್ಕೆ ಹಾಕ್ತೀವಿ.”

ಅಮ್ಮ ಅಜ್ಜಮ್ಮನ ಕಡೆಗೆ ಎಡಗಿವಿಯನ್ನು ತಿರುಗಿಸಿಕೊಂಡು, ಚಿಕ್ಕ ಹುಡುಗಿಯ ಹಾಗೆ ಸಂಕೋಚಪಡುತ್ತಾ ಕೇಳಿದಳು. “ಅವಳ ದನಿ ಹೇಗಿತ್ತಮ್ಮ? ಪ್ಲೇಟು ಹೊಸದಾಗಿದ್ದಾಗ?”

ಅಜ್ಜಮ್ಮ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡರು. “ಸಣ್ಣ ದನಿ. ಹೆದರಿದ್ಲು, ಗೊತ್ತಾಗ್ತಿತ್ತು. ಆದ್ರೆ ಎಷ್ಟು ನಿರ್ಮಲ ಅಂದ್ರೆ, ಈಗಷ್ಟೇ ಬಾವೀಂದ ಸೇದಿದ ನೀರು ಇದ್ದಂಗೆ. ಮೊದಲ್ನೇ ಸಲ ಕೇಳಿದಾಗ ನಾವೆಲ್ಲ ಅತ್ತುಬಿಟ್ವಿ. ಆಮೇಲೆ ಯಾರೆಷ್ಟು ಹೇಳಿದ್ರೂ ಅಂಥಾ ದನಿ ನಾ ಕೇಳ್ಲಿಲ್ಲ” ಎಂದು ಒಂದೊಂದು ಮಾತನ್ನೂ ಅಮ್ಮನ ಕಿವಿಯೊಳಗೆ ಗಟ್ಟಿಯಾಗಿ ಹೇಳಿದರು. ಹೇಳಿ, ಏನನ್ನಿಸಿತೋ, ಹರಿವಾಣವನ್ನು ಅಮ್ಮನ ಮುಂದೆ ಸರಿಸಿದರು. “ನೀವೂ ಮೈಸೂರೋರಂತಲ್ಲ. ಅವಳ ಊರೋರು. ಇವತ್ತು ತುಳಸಿಗೆ ಬ್ಯಾಡ, ನೀವೇ ತಗಳಿ.”

ಅಮ್ಮ ಎರಡೂ ಕೈಯಲ್ಲಿ ಸೆರಗು ಹಿಡಿದು ಅದನ್ನು ತೆಗೆದುಕೊಂಡಳು. ಬಗ್ಗಿ ಅಜ್ಜಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಚಪ್ಪರದ ಆಚೆಗೆ ಹೋಗಿ ಒಬ್ಬಳೇ ನಿಂತುಕೊಂಡು ಬಂದೆ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಆ ವರ್ಷ ಕಳೆಯುವುದರೊಳಗೆ ಅವಳ ಕಿವಿ ಪೂರ್ತಿ ನಿಂತುಹೋಯಿತು. ನನ್ನ ದನಿಯೂ ಸೇರಿದಂತೆ ಆಮೇಲೆ ಯಾವುದನ್ನೂ ಅವಳು ಕೇಳಲಿಲ್ಲ. ಅವತ್ತು ಬಸ್ಸಿನ ಗದ್ದಲದಲ್ಲಿ ತನ್ನ ದನಿ ಎಷ್ಟು ಗಟ್ಟಿಯಾಗಿದೆ ಎಂಬ ಅಂದಾಜು ಅವಳಿಗಿರಲಿಲ್ಲ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು.

“ಚೆನ್ನಾಗಿತ್ತಂತೆ ಕಣೇ.”